ಗಗನಬಹಾದ್ದೂರನ ಪಾದ

ರೇವಣಪ್ಪನ ಕಾಲು ಮುಟ್ಟಿ ನಮಸ್ಕರಿಸಲು ಹೋದವರೆಲ್ಲ ಬೈಸಿಕೊಂಡೇ ಬಂದರು. ಮದುವೆಯಾದ ಹೊಸದರಲ್ಲಿ ಹೆಂಡತಿ ಚಂಪಾಬಾಯಿ ಪದ್ಧತಿಯಂತೆ ಬಗ್ಗಿದಾಗ ಎರಡೂ ಕಾಲುಗಳನ್ನು ಹೊರಸಿನ ಮೇಲೆ ಎಳೆದುಕೊಂಡು ಗೋಡೆಗೆ ಆತು ಕೂತನಂತೆ. ಅಣ್ಣನ ಮಕ್ಕಳು ಮದುಮಕ್ಕಳಾಗಿ ಎದುರು ನಿಂತಾಗಲೂ ಅಷ್ಟೇ. ಅಲ್ಲಿಂದಲೇ ಕೈ ಮುಗಿಯಿರಿ, ಹತ್ತಿರ ಬಂದರೆ ಒದೆಯುತ್ತೇನೆ ಎಂದು ಶುಭಕಾರ್ಯದಲ್ಲಿ ಆಡಬಾರದ ಮಾತು ಆಡಿದ. ಊರವರು ಇದನ್ನು ಸೊಕ್ಕು ಎಂದರು. ಕಾಲಿಗೆ ಏನೋ ರೋಗವಿರಬೇಕು ಎಂದವರೂ ಇದ್ದರು. ಎರಡೂ ಅಲ್ಲ. ಅವನಿಗೆ ತನ್ನ ಕಾಲುಗಳನ್ನು ಕಂಡರೆ ಹೇಸಿಗೆ. ಆ ಹೇಸಿಗೆ ಅಂಟಿಕೊಂಡದ್ದು ಹೈದರಾಬಾದಿನ ಪೋಲೀಸ್ ಆ್ಯಕ್ಷನ್ ಮುಗಿದು ಕೆಲವು ವರ್ಷಗಳಾದ ಮೇಲೆ, ಉದಗೀರದಿಂದ ಊರೂರು ತಿರುಗುತ್ತಿದ್ದ ಒಂದು ಸಿನೆಮಾ ತಂಬಿನಲ್ಲಿ.

ಮುರುಮದ ಹತ್ತಿರದ ಒಂದು ಹಳ್ಳಿಯಲ್ಲಿ ಅವನದು ಒಕ್ಕಲುತನದ ಮನೆ. ತಂದೆ ಬೇಗ ತೀರಿಕೊಂಡ. ಅಣ್ಣ ಕಲ್ಯಾಣಪ್ಪ ಹೊಲ ನೋಡಿಕೊಂಡ. ತಾಯಿ ಪ್ರಯಾಗಬಾಯಿ ಮನೆಯನ್ನೂ ಮನೆಯವರ ನಡತೆಯನ್ನೂ ನೋಡಿಕೊಂಡಳು. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದ ಹೆಂಗಸು ಅವಳು. ಸುಳ್ಳು ಹೇಳಿದ ಬಾಯನ್ನು ಬೂದಿ ಹಾಕಿ ತಿಕ್ಕಬೇಕು ಎನ್ನುತ್ತಿದ್ದಳು, ಒಮ್ಮೆ ರೇವಣಪ್ಪನ ಬಾಯನ್ನು ತಿಕ್ಕಿಯೂ ಇದ್ದಳು. ಅವನು ಹೊಲದ ಕೆಲಸಕ್ಕಿಂತ ಕುಸ್ತಿ ತಾಲೀಮಿನ ಕೆಮ್ಮಣ್ಣಿನಲ್ಲೇ ಹೆಚ್ಚು ಹೊರಳಾಡಿದವನು. ಎದೆ ಬಾಗಿಲಗಲ ಆಯಿತು, ತೋಳು ಒನಕೆಯಾಯಿತು. ದನಿ ಮಾತ್ರ ಹಾಗೇ ಉಳಿಯಿತು, ಕೀರಲು ದನಿ. ಅಷ್ಟು ದೊಡ್ಡ ಮೈಯಿಂದ ಅಷ್ಟು ಸಣ್ಣ ದನಿ ಬಂದಾಗ ಕೇಳಿದವರಿಗೆ ನಗು ತಡೆಯುತ್ತಿರಲಿಲ್ಲ.

ಉದಗೀರದ ಮೋಂಢಾದಲ್ಲಿ, ಕಾಳಿನ ಪೇಟೆಯಲ್ಲಿ, ಅಡತಿ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿದೆ ಎಂದು ತಾಯಿಗೆ ಹೇಳಿ ಅವನು ಮನೆ ಬಿಟ್ಟ. ಕೆಲಸವೇನೋ ಸಿಕ್ಕಿತ್ತು, ಕಾಳಿನ ಚೀಲ ಹೊರುವ ಕೆಲಸ. ಆದರೆ ಹೆಚ್ಚು ದಿನ ಹೊರಲಿಲ್ಲ. ಅರಿವೆ ಅಂಗಡಿಯ ವಿಶ್ವನಾಥಪ್ಪ ಸಾವಕಾರ ಅವನ ಮೈಕಟ್ಟು ನೋಡಿ, ಸಂತೆಯಲ್ಲಿ ಎತ್ತು ನೋಡುವ ಹಾಗೆ ಸುತ್ತ ಒಂದು ಸುತ್ತು ಬಂದು, ಕರೆದುಕೊಂಡು ಹೋದ.

ಈ ಸಾವಕಾರನಿಗೆ ಅರಿವೆ ಸಾಲದೆ ಸಿನೆಮಾದ ಚಪಲ ಹತ್ತಿತ್ತು. ಯಾರೋ ಊರು ಬಿಟ್ಟು ಹೋಗುವಾಗ ಅಗ್ಗಕ್ಕೆ ಕೊಟ್ಟ ತಂಬು, ಎಣ್ಣೆ ಎಂಜಿನ್, ಚಿತ್ರ ಬಿಡುವ ಯಂತ್ರ ಎಲ್ಲ ಕೊಂಡುಕೊಂಡಿದ್ದ. ಜೊತೆಗೆ ಒಂದು ಹಿಂದಿ ಸ್ಟಂಟ್ ಚಿತ್ರದ ಡಬ್ಬಿಗಳು ಬಂದವು. ಅದು ಒಂದೇ ಆಟಕ್ಕೆ ಮುಗಿಯುವ ಚಿತ್ರವಲ್ಲ, ವಾರಕ್ಕೊಂದು ಭಾಗದಂತೆ ತೋರಿಸುವಂಥದ್ದು. ಕರಿ ಮುಖವಾಡದ ಗಗನಬಹಾದ್ದೂರ ಆಕಾಶದಲ್ಲಿ ಹಾರುತ್ತಾನೆ, ರೈಲು ನಿಲ್ಲಿಸುತ್ತಾನೆ, ಗುಂಡು ತಗುಲಿದರೆ ಕೊಡವಿಕೊಳ್ಳುತ್ತಾನೆ. ಪ್ರತಿ ಭಾಗದ ಕೊನೆಗೆ ಸಾಯುವ ಹಾಗೆ ಆಗುತ್ತಾನೆ, ಮುಂದಿನ ವಾರ ಸತ್ತಿರುವುದಿಲ್ಲ. ಭಾಗಗಳೆಲ್ಲ ತೀರಿದಾಗ ಜನ ಬಿಡಲಿಲ್ಲ. ಸಾವಕಾರ ಹಳೆಯ ರೀಲುಗಳನ್ನು ಕತ್ತರಿಸಿ, ಹಿಂದುಮುಂದಾಗಿ ಅಂಟಿಸಿ ಹೊಸ ಭಾಗ ಎಂದು ತೋರಿಸಿದ. ಒಂದು ಭಾಗದಲ್ಲಿ ಕಳ್ಳನಾಗಿ ಸತ್ತವನು ಮುಂದಿನದರಲ್ಲಿ ಪೋಲೀಸನಾಗಿ ಎದ್ದು ಬಂದ. ಯಾರಿಗೂ ಬೇಸರವಾಗಲಿಲ್ಲ. ಹೆಸರು ಇದ್ದರೆ ಸಾಕು, ಹೆಣವನ್ನಾದರೂ ಕುಣಿಸಬಹುದು ಎಂದು ಸಾವಕಾರನಿಗೆ ಅಂದೇ ಗೊತ್ತಾಯಿತು.

ಆಮೇಲೆ ಪುಸ್ತಕಗಳು ಬಂದವು. ಪುಟದ ತುಂಬ ಚಿತ್ರ, ಚಿತ್ರದ ಕೆಳಗೆ ಎರಡು ಸಾಲು ಕನ್ನಡ. ಬರೆಯುವವನು ವೈಜನಾಥ ಮಾಸ್ತರ. ಅವನ ಮನೆತನದವರು ತಲೆಮಾರುಗಳಿಂದ ಮಠಗಳಲ್ಲಿ ಪುರಾಣ ಓದಿದವರು, ಅವನಿಗೆ ಬೇರೆ ರೀತಿ ಬರೆಯಲು ಬರುತ್ತಲೂ ಇರಲಿಲ್ಲ. ಹಾಗಾಗಿ ಗಗನಬಹಾದ್ದೂರ ಮೋಟಾರು ಎತ್ತಿ ಒಗೆಯುವ ಕಡೆಯಲ್ಲೂ 'ಕೇಳಿರಯ್ಯಾ ಶರಣರೇ' ಎಂದೇ ಶುರುಮಾಡಿದ. ಮಳೆಗಾಲದಲ್ಲಿ ತಂಬು ಎತ್ತುವ ಹಾಗಿರಲಿಲ್ಲ, ಪುಸ್ತಕ ಮಾರುವುದಕ್ಕೆ ಮಳೆಯ ಅಡ್ಡಿಯಿಲ್ಲ. ಶ್ರಾವಣದಲ್ಲಿ ಹಳ್ಳಿಹಳ್ಳಿಯ ಮಠಗಳಲ್ಲಿ ಪುರಾಣ ಓದಿಸುವ ರೂಢಿ. ಓದುವವರ ಕೈಗೆ ಈ ಪುಸ್ತಕ ಬಂತು, ಕನ್ನಡದಲ್ಲಿತ್ತು, ಶರಣರೇ ಎನ್ನುತ್ತಿತ್ತು. ಓದಿದರು. ಸಿನೆಮಾ ಕಣ್ಣಿಂದ ಕಾಣದ ಜನ ಕೈ ಮುಗಿದು ಕೂತು ಕೇಳಿದರು. ಕಡೆಗೆ ಮಂಗಳಾರತಿಯೂ ಆಯಿತು. ಜನ ಮರುಳೋ ಜಾತ್ರೆ ಮರುಳೋ ಎನ್ನುವುದು ಇಂಥದಕ್ಕೇ.

ಇಷ್ಟಕ್ಕೆಲ್ಲ ರೇವಣಪ್ಪನ ಕೆಲಸವೇನೆಂದರೆ, ತಂಬು ಹೋದ ಊರಲ್ಲಿ ಗಗನಬಹಾದ್ದೂರನ ವೇಷ ತೊಟ್ಟು ಬೀದಿಯಲ್ಲಿ ಮೆರೆಯುವುದು. ಬೆನ್ನಿಗೆ ಮಿಲಿಟರಿಯವರ ಲಿಲಾವಿನಲ್ಲಿ ಹರಾಜಾಗಿ ಬಂದ ಪ್ಯಾರಾಚೂಟಿನ ಬಟ್ಟೆ, ಮೈಗೆ ಬಿಗಿಯಾದ ಕರಿ ಅಂಗಿ, ಮುಖಕ್ಕೆ ಎಮ್ಮೆ ಚರ್ಮದ ಮುಖವಾಡ. ಒಗೆದರೆ ಬಣ್ಣ ಬಿಡುತ್ತದೆಂದು ಅಂಗಿಯನ್ನು ಒಗೆಯುವಂತಿರಲಿಲ್ಲ. ಮುಖವಾಡದ ಒಳಗೆ ಹಳೆ ಬೆವರು, ಕೊಬ್ಬರಿಎಣ್ಣೆ, ಹಿಂದೆ ಹಾಕಿಕೊಂಡಿದ್ದ ಯಾರದೋ ತಂಬಾಕಿನ ವಾಸನೆ ಎಲ್ಲ ಸೇರಿ ಗಬ್ಬು ನಾರುತ್ತಿತ್ತು. ಚಿತ್ರದಲ್ಲಿ ಆ ಮುಖವಾಡದ ಹಣೆಯ ಮೇಲೆ ಮಿಂಚಿನ ಗೆರೆಗಳಿದ್ದವು. ನಮ್ಮ ಕಡೆಯ ಜನಕ್ಕೆ ಹಿಡಿಸಲಿ ಎಂದು ಸಾವಕಾರ ಅವನ್ನು ಅಳಿಸಿ ಮೂರೆಳೆ ವಿಭೂತಿ ಬರೆಸಿದ. ಮೊದಲ ದಿನ ರೇವಣಪ್ಪ ಜನರ ಮುಂದೆ ಬಾಯಿ ತೆರೆದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಅವನು ಹೊರಗೆ ಮಾತಾಡಕೂಡದು ಎಂದು ಕಟ್ಟಪ್ಪಣೆಯಾಯಿತು. ಮುಂದಿನ ಪುಸ್ತಕದಲ್ಲಿ ವೈಜನಾಥ, ಗುರುವಿನ ಅಪ್ಪಣೆಯಿಂದ ಗಗನಬಹಾದ್ದೂರ ಮೌನವ್ರತ ಹಿಡಿದ ಎಂದು ಬರೆದ.

ಸುಳ್ಳು ಯಾಕೆ, ಮೊದಮೊದಲು ರೇವಣಪ್ಪನಿಗೂ ಹಿತವಾಗಿತ್ತು. ಬೀದಿಯ ಎರಡೂ ಕಡೆ ಜನ ನಿಲ್ಲುತ್ತಿದ್ದರು, ಮಾಳಿಗೆಯ ಮೇಲಿಂದ ಹೆಂಗಸರು ನೋಡುತ್ತಿದ್ದರು. ಚೀಲ ಹೊರುವಾಗ ಅವನನ್ನು ಯಾರು ನೋಡಿದ್ದರು? ಮನೆಗೆ ಹೋದಾಗ ತಾಯಿ ಕೇಳಿದರೆ ಅಡತಿ ಅಂಗಡಿಯ ವರ್ತಮಾನ ಹೇಳುತ್ತಿದ್ದ, ತೊಗರಿ ಧಾರಣೆ ಹೇಳುತ್ತಿದ್ದ. ಅವಳು ಸಿನೆಮಾ ತಂಬಿನ ಕಡೆ ಮುಖ ಕೂಡ ಹಾಕುವವಳಲ್ಲ. ಆ ಧೈರ್ಯ ಅವನಿಗಿತ್ತು.

ಹಿತ ಹಳಸಿದ್ದು ನಿಲಂಗಾದಲ್ಲಿ. ಶ್ರಾವಣದ ಓದು ಮುಗಿದು, ದೀಪಾವಳಿ ಕಳೆದು ತಂಬು ಮತ್ತೆ ಹೊರಟಿತ್ತು. ಮೆರವಣಿಗೆ ಮುಗಿಸಿ ತಂಬಿನ ಬಾಗಿಲಲ್ಲಿ ಚೌರಂಗದ ಮೇಲೆ ಕೂತಿದ್ದಾಗ ಗುರಮ್ಮ ಎಂಬ ಮುದುಕಿ ತಂಬಿಗೆ ನೀರು, ಹಿತ್ತಾಳೆಯ ಪರಾತ, ಬಿಲ್ವಪತ್ರಿ ಹಿಡಿದು ಬಂದಳು. ಮನೆಗೆ ಜಂಗಮ ಅಯ್ಯನವರು ಬಂದಾಗ ಮಾಡುವ ಹಾಗೆ ಅವನ ಬೂಟು ಕಳಚಿ, ಪಾದಗಳನ್ನು ಪರಾತದಲ್ಲಿಟ್ಟು ತೊಳೆದಳು. ಇವಳೇನೋ ಆಯಾಸ ನೋಡಿ ಕಾಲು ತೊಳೆಯುತ್ತಿದ್ದಾಳೆ ಎಂದುಕೊಂಡ ರೇವಣಪ್ಪ. ಆಮೇಲೆ ಅವಳು ಆ ನೀರನ್ನು ಅಂಗೈಗೆ ಬಸಿದುಕೊಂಡು ಕುಡಿದಳು. ಇಡೀ ದಿನ ಬೂಟಿನಲ್ಲಿ ಬೆಂದ ಕಾಲು. ಬೆರಳ ಸಂದಿಯ ಕರಿ ಕೊಳೆ ನೀರಿನಲ್ಲಿ ತೇಲುತ್ತಿದ್ದದ್ದು ಅವನಿಗೆ ಮುಖವಾಡದ ತೂತಿನಿಂದ ಕಾಣುತ್ತಿತ್ತು. ಕಾಲು ಹಿಂದೆಳೆದುಕೊಂಡ, ಬಾಯಿ ಬಿಡದೆ ಕೈಯಾಡಿಸಿಯೇ ಬೇಡ ಬೇಡ ಎಂದ. ಅಷ್ಟರಲ್ಲಿ ಹಿಂದೆ ಇನ್ನೂ ನಾಲ್ಕಾರು ಹೆಂಗಸರು ಪರಾತ ಹಿಡಿದು ನಿಂತಿದ್ದರು.

ಅಂದು ಸಂಜೆ ತಂಬಿನೊಳಗೆ ಅವನು ಸಾವಕಾರನ ಮುಂದೆ ನಿಂತ.

"ಸಾವಕಾರ್ರೀ, ನಾ ಅಯ್ಯನೋರಲ್ರೀ. ಒಕ್ಕಲುತನದಾಂವ. ನನ್ನ ಕಾಲಿನ ಹೊಲಸ ಮಂದಿಗಿ ಕುಡಸಬ್ಯಾಡ್ರಿ. ಪಾಪ ಹತ್ತತದ."

ವಿಶ್ವನಾಥಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದ, ತಲೆಯೆತ್ತಲೂ ಇಲ್ಲ.

"ಕಾಲ ತೊಳದ್ರ ನಿನ್ನ ಗಂಟೇನು ಹೋಗ್ತದೋ? ಹೊಲಸು ಹೋಗ್ತದ. ಸುಮ್ಮ ಕೂಡು."

ಈ ಸಾವಕಾರನೂ ಕೊರಳಲ್ಲಿ ಲಿಂಗ ಕಟ್ಟಿಕೊಂಡವನೇ. ಪಾದೋದಕ ಎಂದರೇನು, ಅದನ್ನು ಯಾರಿಂದ ತೆಗೆದುಕೊಳ್ಳಬೇಕು ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಎಲೆ ಜಗಿದ. ಅಷ್ಟೇ ಅಲ್ಲ, ಆ ವಾರವೇ ಹೊಸ ಪುಸ್ತಕ ಬರೆಸಿದ. ಮುಖವಾಡದೊಳಗಿರುವವನು ಮಹಾಶರಣ, ಊರೂರು ತಿರುಗಿ ಭಕ್ತರನ್ನು ಉದ್ಧರಿಸುತ್ತಾನೆ, ಅವನ ಪಾದ ತೊಳೆದವರ ಮನೆಯ ಕಷ್ಟ ಬಯಲಾಗುತ್ತದೆ ಎಂದು ಅದರಲ್ಲಿತ್ತು. ನಿಲಂಗಾದಲ್ಲಿ ರೇವಣಪ್ಪ ಕಾಲು ಎಳೆದುಕೊಂಡದ್ದನ್ನೂ ವೈಜನಾಥ ಬಿಡಲಿಲ್ಲ. ಶರಣನು ಬೇಡವೆನ್ನುವನು, ಕಾಲು ಸೆಳೆದುಕೊಳ್ಳುವನು, ಅದು ಭಕ್ತಿಯ ಪರೀಕ್ಷೆ, ಬಿಡದೆ ಹಿಡಿದವರೇ ಗೆದ್ದರು ಎಂದು ಬರೆದ. ಚಿತ್ರವೂ ಇತ್ತು. ಅಲ್ಲಿಗೆ ರೇವಣಪ್ಪನಿಗೆ ಬೇಡ ಎನ್ನುವ ದಾರಿಯೂ ಮುಚ್ಚಿಹೋಯಿತು. ಅವನು ತಲೆ ಅಲ್ಲಾಡಿಸಿದಷ್ಟೂ ಜನ ಬಿಗಿಯಾಗಿ ಹಿಡಿದರು.

ಉಮರ್ಗಾದಲ್ಲಿ, ಲೋಹಾರಾದಲ್ಲಿ ಅದೇ ನಡೆಯಿತು. ಜ್ವರದ ಕೂಸುಗಳ ಬಾಯಿಗೆ ಆ ನೀರು ಬಿಟ್ಟರು. ಬಸುರಿಯರಿಗೆ ಕುಡಿಸಿದರು. ಒಬ್ಬಳು ಊರಿಗೆ ಒಯ್ಯುತ್ತೇನೆಂದು ಸೀಸೆಯಲ್ಲಿ ತುಂಬಿಕೊಂಡಳು. ರೇವಣಪ್ಪ ಬೆಳಗಾಗೆದ್ದು ಬಾವಿಯ ಹತ್ತಿರ ಕೂತು ಇಟ್ಟಂಗಿ ಚೂರಿನಿಂದ ಪಾದಗಳನ್ನು ತಿಕ್ಕುತ್ತಿದ್ದ, ಚರ್ಮ ಕೆಂಪಾಗುವ ತನಕ. ಕುಡಿಯುವವರು ಹೇಗೂ ಕುಡಿಯುತ್ತಾರೆ, ಸ್ವಚ್ಛವಾದರೂ ಇರಲಿ ಎಂದು. ಎಷ್ಟು ತಿಕ್ಕಿದರೂ ಪರಾತದ ನೀರು ಅವನ ಕಣ್ಣಿಗೆ ಕರ್ರಗೇ ಕಾಣುತ್ತಿತ್ತು. ಊಟಕ್ಕೆ ಕೂತರೆ ಅನ್ನದ ಮೇಲಿನ ಸಾರು ಆ ನೀರಿನ ಹಾಗೆ ಕಾಣುತ್ತಿತ್ತು, ತಾಟು ಸರಿಸಿ ಏಳುತ್ತಿದ್ದ.

ಮುಂದಿನ ಠಿಕಾಣಿ ಮುರುಮ ಎಂದು ಗೊತ್ತಾಯಿತು. ಮುರುಮ ಎಂದರೆ ತಾಯಿಯ ಅಂಗಳ ಇದ್ದ ಹಾಗೆ. ಆ ಊರೊಂದನ್ನು ಬಿಡಿ ಎಂದು ಸಾವಕಾರನನ್ನು ಬೇಡಿಕೊಂಡ. ಪುಸ್ತಕ ಅಲ್ಲಿಗೆ ಆಗಲೇ ಹೋಗಿದೆ, ಜನ ದಾರಿ ಕಾಯುತ್ತಿದ್ದಾರೆ ಎಂದ ಅವನು. ರಾತ್ರೋರಾತ್ರಿ ಓಡಿಹೋಗಬಹುದಿತ್ತು. ಹೋಗಲಿಲ್ಲ. ಮುಖವಾಡವಿದೆಯಲ್ಲ, ಅವ್ವ ಸಿನೆಮಾಕ್ಕೆ ಬರುವವಳಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಅಂಜುಬುರುಕನ ಲೆಕ್ಕ ಯಾವಾಗಲೂ ಸರಿಯಾಗಿಯೇ ಕಾಣುತ್ತದೆ. ಆದರೂ ಒಂದು ಕೆಲಸ ಮಾಡಿದ. ಚಿಕ್ಕಂದಿನಲ್ಲಿ ಕುಂಟೆಯ ಕುಡ ತಾಗಿ ಅವನ ಎಡಗಾಲಿನ ಹೆಬ್ಬೆರಳು ಸೀಳಿತ್ತು. ಅಂದಿನಿಂದ ಆ ಉಗುರು ಎರಡು ಹೋಳಾಗಿಯೇ ಬೆಳೆಯುತ್ತಿತ್ತು. ಊರವರ ಕಣ್ಣಿಗೆ ಬೀಳದಿರಲಿ ಎಂದು ಆ ಬೆರಳಿಗೆ ಅರಿವೆಯ ಚಿಂದಿ ಸುತ್ತಿಕೊಂಡ.

ಪ್ರಯಾಗಬಾಯಿ ಸಿನೆಮಾಕ್ಕೆ ಬರಲಿಲ್ಲ, ಅದು ನಿಜ. ಅವಳು ಶರಣನ ದರ್ಶನಕ್ಕೆ ಬಂದಳು.

ತಮ್ಮೂರ ಮಠದಲ್ಲಿ ಶ್ರಾವಣದುದ್ದಕ್ಕೂ ಅವನ ಚರಿತ್ರೆ ಕೇಳಿದ್ದಳು, ದೀಪಾವಳಿಯ ಮೇಲೆ ಬಂದ ಹೊಸ ಪುಸ್ತಕವನ್ನೂ ಓದಿಸಿ ಕೇಳಿದ್ದಳು. ಈಗ ಆ ಶರಣ ಮುರುಮಕ್ಕೆ ಬಂದಿದ್ದಾನೆ ಎಂದು ತಿಳಿದಾಗ ಓಣಿಯ ಹೆಂಗಸರನ್ನೆಲ್ಲ ತಾನೇ ಕೂಡಿಸಿಕೊಂಡು, ಗಾಡಿ ಹೂಡಿಸಿ, ಉಪವಾಸವಿದ್ದು ಬಂದಳು. ತಂಬಿನ ಬಾಗಿಲಲ್ಲಿ ಸಾಲು ಕಟ್ಟಿಸಿದಳು. ವಯಸ್ಸಾದವರನ್ನು, ಕೂಸಿನ ತಾಯಂದಿರನ್ನು ಮುಂದೆ ಬಿಟ್ಟು ತಾನು ಅವರ ಹಿಂದೆ ನಿಂತಳು. ರೇವಣಪ್ಪ ಅವಳನ್ನು ನೋಡುವ ಹೊತ್ತಿಗೆ ಓಣಿಯ ಅರ್ಧ ಹೆಂಗಸರು ಅವನ ಕಾಲಿನ ನೀರು ಕುಡಿದು ತಲೆಗೆ ಒರೆಸಿಕೊಂಡು ಪಕ್ಕಕ್ಕೆ ಕೂತಿದ್ದರು. ಅವರಲ್ಲಿ ಅವನನ್ನು ಎತ್ತಿ ಆಡಿಸಿದವರಿದ್ದರು.

ಅವನಿಗೆ ಎದ್ದು ಓಡಬೇಕೆನ್ನಿಸಿತು. ಬಾಯಿ ಬಿಟ್ಟು ಅವ್ವಾ ಎನ್ನಬೇಕೆನ್ನಿಸಿತು. ಎಂದರೆ ಆ ಕೀರಲು ದನಿಯನ್ನು ಇಡೀ ಓಣಿ ಗುರುತಿಸುತ್ತದೆ. ಕುಡಿದವರೆಲ್ಲ ಕುಡಿದದ್ದು ಏನೆಂದು ತಿಳಿಯುತ್ತದೆ, ಕುಡಿಸಲು ಕರೆತಂದವಳು ಯಾರ ತಾಯಿ ಎಂದೂ ತಿಳಿಯುತ್ತದೆ. ಕಾಲು ಹಿಂದೆಳೆದುಕೊಂಡ. ಪ್ರಯಾಗಬಾಯಿ ಪುಸ್ತಕ ಕೇಳಿದವಳು. ಪರೀಕ್ಷೆ ಎಂದುಕೊಂಡು ಎರಡೂ ಹಿಮ್ಮಡಿಗಳನ್ನು ಗಟ್ಟಿಯಾಗಿ ಹಿಡಿದು ಪರಾತದೊಳಗೆ ಇಟ್ಟುಕೊಂಡಳು.

ನೀರು ಹಾಕುತ್ತ ಅವಳು ತನ್ನ ಬೇಡಿಕೆ ಹೇಳಿಕೊಂಡಳು, ಅವನಿಗಷ್ಟೇ ಕೇಳುವ ಹಾಗೆ.

"ನನ್ನ ಸಣ್ಣ ಮಗಾ ಉದಗೀರದಾಗ ದುಡೀಲಾಕ ಹೋಗ್ಯಾನ. ಅಂವಗ ಕೆಟ್ಟ ಮಂದಿ ಸಂಗ ಹತ್ತಬಾರದು ನನ್ನಪ್ಪಾ. ನಿನ್ನಂಥವರ ನೆರಳು ಅಂವನ ಮ್ಯಾಲ ಇರ್ಲಿ."

ಬೆರಳಿನ ಚಿಂದಿ ಅವಳ ಕಣ್ಣಿಗೆ ಬಿತ್ತು. "ಗಾಯ ಆಗ್ಯಾದೇನಪ್ಪಾ?" ಎಂದು ಮೆಲ್ಲಗೆ ಅದನ್ನು ಬಿಚ್ಚಿದಳು.

ಬಿಚ್ಚಿದವಳ ಕೈ ಅಲ್ಲೇ ನಿಂತಿತು. ಆ ಸೀಳಿಗೆ ಅರಿಷಿಣ ಸುಣ್ಣ ತುಂಬಿ, ತನ್ನ ಸೀರೆಯ ಅಂಚು ಹರಿದು ಕಟ್ಟಿದವಳು ಅವಳು. ಗಾಯ ಮಾಯುವ ತನಕ ದಿನಾ ಬಿಚ್ಚಿ ನೋಡಿದವಳು ಅವಳು. ಉಗುರಿನ ಎರಡು ಹೋಳುಗಳ ನಡುವಿನ ಸಂದಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು. ತಲೆಯೆತ್ತಿ ಮುಖವಾಡದ ತೂತುಗಳೊಳಗೆ ನೋಡಿದಳು. ಅವನು ಕಣ್ಣು ಮುಚ್ಚಿಕೊಂಡ, ಅದೂ ಒಂದು ಉತ್ತರವಾಯಿತು.

ಅವಳು ಒಮ್ಮೆ ಪಕ್ಕಕ್ಕೆ ನೋಡಿದಳು, ಅಲ್ಲಿ ಕುಡಿದವರು ಕೂತಿದ್ದರು. ಒಮ್ಮೆ ಹಿಂದೆ ನೋಡಿದಳು, ಅಲ್ಲಿ ಕುಡಿಯಬೇಕಾದವರು ಕೈಯೊಡ್ಡಿ ನಿಂತಿದ್ದರು. ತಾನೇ ಕರೆತಂದವರು. ಚಿಂದಿಯನ್ನು ಬೆರಳಿಗೆ ಮತ್ತೆ ಸುತ್ತಿ, ಚಿಕ್ಕಂದಿನಲ್ಲಿ ಹಾಕುತ್ತಿದ್ದ ಗಂಟನ್ನೇ ಹಾಕಿದಳು. ಅವನ ಕಾಲುಗಳನ್ನು ಎತ್ತಿ ನೆಲದ ಮೇಲಿಟ್ಟಳು. ಆಮೇಲೆ ಪರಾತವನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿಗೆ ಹಚ್ಚಿದಳು. ಮೂರು ಗುಟುಕು ತೆಗೆದುಕೊಳ್ಳುವುದು ಪದ್ಧತಿ. ಅವಳು ನಿಲ್ಲಿಸಲಿಲ್ಲ. ನೀರು ಗಲ್ಲದಿಂದ ಇಳಿದು ಕುಪ್ಪಸ ತೊಯ್ದರೂ ನಿಲ್ಲಿಸಲಿಲ್ಲ. ಇಡೀ ಓಣಿ ಬಾಯಿ ಬಿಟ್ಟು ನೋಡುತ್ತಿರುವಾಗ ತಳದ ಬಿಲ್ವಪತ್ರಿ ತುಟಿಗೆ ತಾಗುವ ತನಕ ಕುಡಿದು, ಖಾಲಿ ಪರಾತವನ್ನು ಬೋರಲು ಹಾಕಿ ಎದ್ದಳು.

"ತೀರಿತು. ನಡೀರಿ, ಗಾಡಿ ಹೂಡ್ರಿ," ಎಂದಳು.

ಹೆಂಗಸರು ಗೊಣಗಿದರು. ಎಲ್ಲರ ಪಾಲಿನದನ್ನು ಒಬ್ಬಳೇ ಕುಡಿದಳು, ಎಂಥ ದುರಾಸೆ ಎಂದರು. ಇನ್ನೊಂದು ತಂಬಿಗೆ ನೀರು ತರೋಣ ಎಂದವಳ ರಟ್ಟೆ ಹಿಡಿದು ಗಾಡಿಯ ಕಡೆ ಎಳೆದುಕೊಂಡು ಹೋದಳು ಪ್ರಯಾಗಬಾಯಿ. ಪರಾತ ಬಸಿದವಳು ಎಂಬ ಹೆಸರು ಅವಳಿಗೆ ಸಾಯುವ ತನಕ ಉಳಿಯಿತು. ಹಬ್ಬದ ಪಂಕ್ತಿಯಲ್ಲಿ, ನೀರು ಬಡಿಸುವಾಗ, ಇವಳಿಗೆ ಕೊಡವೇ ತನ್ನಿ ಎಂದು ನಗುತ್ತಿದ್ದರು. ಅವಳು ಯಾರಿಗೂ ಏನೂ ಹೇಳಲಿಲ್ಲ.

ರೇವಣಪ್ಪ ತಂಬಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡ, ಮುಖವಾಡ ಬಿಚ್ಚುವಷ್ಟು ವ್ಯವಧಾನವೂ ಸಿಗಲಿಲ್ಲ. ಸಾವಕಾರ ನಗುತ್ತ ಬಂದ. ಮುದುಕಿಯ ಭಕ್ತಿ ಭಾರಿ, ಮುಂದಿನ ಪುಸ್ತಕದಲ್ಲಿ ಇದನ್ನೇ ಹಾಕಿಸುತ್ತೇನೆ, ಪರಾತ ಎತ್ತಿದ ಚಿತ್ರ ಒಂದು ಪೂರ್ತಿ ಪುಟ ಬರಲಿ ಎಂದ. ಥೂ, ಮನುಷ್ಯನ ಬಾಯೇ ಅದು? ರೇವಣಪ್ಪ ಮುಖವಾಡವನ್ನು ಕಿತ್ತು ಎಂಜಿನ್ನಿನ ಎಣ್ಣೆನೀರು ನಿಲ್ಲುವ ಗುಂಡಿಗೆ ಒಗೆದ. ಅಂಗಿ ಹರಿದು ಒಗೆದ. ಸಾವಕಾರ ಬೈಯಲೂ ಇಲ್ಲ. ತಾಲೀಮಿನ ಮಣ್ಣು ಮೆತ್ತಿಕೊಂಡವರು ಬೇಕಾದಷ್ಟಿದ್ದರು. ಉದಗೀರ, ನಿಲಂಗಾ ಹೈದರಾಬಾದ್ ರಾಜ್ಯ ಬಿಟ್ಟು ಮುಂಬಯಿ ರಾಜ್ಯದ ಪಾಲಾದ ಮೇಲೂ ಗಗನಬಹಾದ್ದೂರ ಬೇರೆ ಕಾಲುಗಳ ಮೇಲೆ ತಿರುಗುತ್ತಲೇ ಇದ್ದ, ಪುಸ್ತಕಗಳು ಬರುತ್ತಲೇ ಇದ್ದವು. ಪರಾತ ಎತ್ತಿದ ಮುದುಕಿಯ ಚಿತ್ರವೂ ಬಂತು.

ರೇವಣಪ್ಪ ಬರಿಗಾಲಲ್ಲಿ ಊರಿನ ದಾರಿ ಹಿಡಿದ. ಬಾಗಿಲಿಗೆ ಬರುವಾಗ ದೀಪ ಹಚ್ಚುವ ಹೊತ್ತು. ಪ್ರಯಾಗಬಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಿಂದೆಲ್ಲ ಅವನು ಊರಿಂದ ಬಂದರೆ ತಾನೇ ನೀರು ಹಿಡಿದು ಹೊರಗೆ ಬಂದು, ದಣಿದ ಮಗನ ಕಾಲಿಗೆ ಹಾಕುತ್ತಿದ್ದಳು. ಇಂದು ಏಳಲಿಲ್ಲ, ತಿರುಗಿಯೂ ನೋಡಲಿಲ್ಲ.

"ತಂಬಿಗಿ ಅಲ್ಲೇ ಇಟ್ಟೀನಿ. ಕಾಲ ನೀನೇ ತೊಳಕೋ."

ಅವನು ತೊಳೆದುಕೊಂಡ. ಒಳಗೆ ಬಂದು ಕೂತ. ಅವಳು ತಾಟಿಗೆ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿ ಅವನ ಮುಂದೆ ಸರಿಸಿದಳು. ಬೆಳಗಿನಿಂದ ಅವಳು ಉಪವಾಸ ಎಂಬುದು ಅವನಿಗೆ ಗೊತ್ತಿತ್ತು. ತುತ್ತು ಮುರಿಯಲು ಕೈ ಬರಲಿಲ್ಲ. "ನೀನೂ ಉಣ್ಣವಾ," ಎಂದ, ಆ ಕೀರಲು ದನಿಯಲ್ಲಿ.

ಪ್ರಯಾಗಬಾಯಿ ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆದು ನೀರು ಚಿಮುಕಿಸಿದಳು.

"ನಂದು ಹೊಟ್ಟಿ ತುಂಬ್ಯಾದ," ಎಂದಳು. "ನೀ ಉಣ್ಣು."